ಎರಡನೇದು ಒತ್ತಿ

ಎಲ್ಲರ ಒಳಗೂ ಕೂತು ಎಲ್ಲವನ್ನೂ ಕಾಣುವ ತಂದೆ, ನಿನ್ನ ಪಾದಕ್ಕೆ ಶರಣು. ನನ್ನ ನಾಲಿಗೆ ಮೇಲೆ ನೀನಿರು, ಸುಳ್ಳು ಸುಳಿಯದ ಹಾಗೆ ನೋಡಿಕೋ.

ಹ್ಞಾಂ ಮೇಷ್ಟ್ರೇ, ಈಗ ಹೇಳ್ತೀನಿ. ದೇವರನ್ನ ನೆನೆಯದೆ ನಾನು ಸೂಜಿಗೆ ದಾರ ಕೂಡ ಪೋಣಿಸೋಳಲ್ಲ, ಅದಕ್ಕೇ ಕಾಯಿಸಿದೆ. ನಿಮ್ಮ ಫೈಲುಗಳು ಎಲ್ಲಿ ಅಂತ ತಾನೇ ಕೇಳಿದ್ದು? ಹೋದವು. ಕೈ ತಪ್ಪಿತು.

ಕೂತ್ಕೊಳ್ಳಿ. ಲ್ಯಾಪ್‌ಟಾಪ್ ಹಿಡಿದು ಅಲ್ಲಾಡಿಸಿದರೆ ಒಳಗಿಂದ ಏನೂ ಉದುರೋದಿಲ್ಲ.

ಫೋನು ಬಂತು ಅಂತ ನೀವು ಮೆಟ್ಟಿಲಿಳಿದು ಹೋದಿರಲ್ಲ, ಆಗ ಆಗಿದ್ದು. ಹೋಗೋ ಮುಂಚೆ, ಇದು ಶುರುವೇ ಆಗ್ತಿಲ್ಲ, ಇರೋದರ ಪಕ್ಕದಲ್ಲೇ ಲಿನಕ್ಸ್ ಸಾಫ್ಟ್‌ವೇರ್ ಹಾಕಿಕೊಡಿ, ಫೈಲುಗಳನ್ನ ಮಾತ್ರ ಮುಟ್ಟಬೇಡಿ ಅಂದಿರಿ. ಒಂಬತ್ತು ವರ್ಷ ಪಾಠ ಹೇಳಿ ಬರೆದ ಪುಸ್ತಕ, ಸೋಮವಾರ ಅಚ್ಚಿಗೆ ಕೊಡಬೇಕು ಅಂದಿರಿ. ಇನ್ನೊಂದು ಪ್ರತಿ ಇದೆಯಾ ಅಂತ ಕೇಳಿದೆ. ಇಲ್ಲ ಅಂದಿರಿ. ಆಶ್ಚರ್ಯವಾಯಿತು ನೋಡಿ. ಮೂರು ಕಡೆ ಪ್ರತಿ ಇಡಿ, ಮೂರು ಕಡೆ, ಅಂತ ಕ್ಲಾಸಿನಲ್ಲಿ ಬೋರ್ಡು ಕುಟ್ಟಿ ಕುಟ್ಟಿ ಹೇಳಿದವರು ನೀವೇ ತಾನೇ?

ಯಾವ ಕ್ಲಾಸು ಅಂತೀರಾ? ಇದೇ ಗ್ರಂಥಾಲಯ, ಕೆಳಗಿನ ಹಾಲ್‌ನಲ್ಲಿ, ಎರಡು ವರ್ಷದ ಹಿಂದೆ, ನಿಮ್ಮ ಕಂಪ್ಯೂಟರ್ ಕ್ಲಾಸು. ಕಿಟಕಿ ಪಕ್ಕ, ಕೊನೇ ಕುರ್ಚಿ. ಗುರುತು ಹತ್ತಲಿಲ್ಲವೇ? ಇರಲಿ. ಬಟ್ಟೆ ಹೊಲಿಯೋಳ ಮುಖ ಯಾರಿಗೆ ನೆನಪಿರುತ್ತೆ, ಅಳತೆ ತಗೊಳ್ಳುವಾಗ ತಲೆ ಬಗ್ಗಿಸಿಕೊಂಡೇ ಇರ್ತೀವಲ್ಲ.

ನಾನು ಮೌಸನ್ನ ಮೇಜಿನ ಈ ತುದಿಯಿಂದ ಆ ತುದಿಗೆ ಒತ್ತಿ ಒತ್ತಿ ನೂಕ್ತಿದ್ದೆ. ಮೇಜು ಮುಗಿದ ಮೇಲೆ ಏನು ಮಾಡಬೇಕು ಅಂತ ಗೊತ್ತಾಗದೆ ನಿಮ್ಮನ್ನ ಕೂಗಿದೆ. ನೀವು ನನಗೊಂದು ಹೆಸರು ಇಟ್ಟಿರಿ. ಹ್ಞಾಂ, ಈಗ ಬಂತು ನೋಡಿ ಕಣ್ಣಿಗೆ ಬೆಳಕು. ಇಸ್ತ್ರಿ ಅಮ್ಮ. ನಾನೇ.

ಬಿಡಿ, ಅದಕ್ಕೆ ನಾನೂ ನಕ್ಕಿದ್ದೆ. ನಿಮ್ಮಿಂದಲೇ ಕಲಿತೆ, ಇಲ್ಲ ಅನ್ನಲಾರೆ. ಈ ಲಿನಕ್ಸ್ ಸಾಫ್ಟ್‌ವೇರನ್ನ ಯಾರು ಬೇಕಾದರೂ ತೆರೆದು ನೋಡಬಹುದು, ಹರಿದಿದ್ದರೆ ಹೊಲಿಯಬಹುದು, ನೆರೆಯವರಿಗೆ ಹಂಚಬಹುದು ಅಂದಿರಿ. ನನಗೆ ಮೈ ಜುಮ್ಮೆಂದಿತು. ದೇವರ ಮನೆಯೇ ಹಾಗಲ್ಲವೇ, ಬಾಗಿಲಿಗೆ ಬೀಗ ಇಲ್ಲ, ಯಾರನ್ನೂ ಹೊರಗೆ ನಿಲ್ಲಿಸೋದಿಲ್ಲ. ಅದಕ್ಕೇ ಮನೆಯ ಹಳೇ ಕಂಪ್ಯೂಟರನ್ನೂ ಹೊತ್ತು ತಂದೆ, ಇದಕ್ಕೂ ಹಾಕೋಣ ಅಂತ.

ಏನಿತ್ತು ಅದರಲ್ಲಿ? ಆವತ್ತು ಕೇಳಲಿಲ್ಲ, ಈಗ ಕೇಳ್ತೀರಿ. ನನ್ನ ಅಕ್ಕ ಇದ್ದಳು. ತಾಯಿ ಇಲ್ಲದ ನನ್ನನ್ನ ಸಾಕಿದವಳು. ಅವಳು ಹೊಲಿಗೆ ಮಿಷನ್ ತುಳೀತಾ ದೇವರ ಹಾಡು ಹೇಳ್ತಿದ್ದಳು. ಅಕ್ಕ ಸಾಯೋ ಮುಂಚೆ ಅವಳ ಮಗಳು ಅಷ್ಟನ್ನೂ ರೆಕಾರ್ಡ್ ಮಾಡಿ ಆ ಕಂಪ್ಯೂಟರಿಗೆ ತುಂಬಿಸಿಕೊಟ್ಟಿದ್ದಳು. ನಲವತ್ತೊಂದು ಹಾಡು. ಹಿಂದೆ ಮಿಷನ್ ಸದ್ದು, ನಡುನಡುವೆ ಅವಳ ಕೆಮ್ಮು. ಬೇರೆ ಎಲ್ಲೂ ಇರಲಿಲ್ಲ.

ಪರದೆ ಎರಡು ಪ್ರಶ್ನೆ ಕೇಳಿತು. ಇರೋದರ ಪಕ್ಕದಲ್ಲಿ ಹಾಕಲಾ, ಇಲ್ಲಾ ಎಲ್ಲಾ ಅಳಿಸಿ ಹಾಕಲಾ ಅಂತ. ಇಂಗ್ಲಿಷ್‌ನಲ್ಲಿತ್ತು, ಆಗ ನನಗೆ ಅರ್ಥವಾಗಲಿಲ್ಲ. ಮೇಷ್ಟ್ರೇ, ಯಾವುದು ಒತ್ತಲಿ ಅಂದೆ. ನೀವು ತಲೆ ಕೂಡ ಎತ್ತಲಿಲ್ಲ. "ಎರಡನೇದು ಒತ್ತಿ ಇಸ್ತ್ರಿ ಅಮ್ಮ, ನಿಮ್ಮ ಡಬ್ಬದಲ್ಲಿ ಕಳಕೊಳ್ಳೋಕೆ ಏನಿದೆ?" ಇಡೀ ಕ್ಲಾಸು ನಕ್ಕಿತು. ನಾನು ಒತ್ತಿದೆ.

ನೆನಪಿಲ್ಲವೇ? ಇರೋದಿಲ್ಲ. ನಾನಂತೂ ಮರೆತಿಲ್ಲ. ದಿನಾ ದೀಪ ಹಚ್ಚಿ ಕೈ ಮುಗಿದು, ಅವರನ್ನ ಕ್ಷಮಿಸೋ ಬುದ್ಧಿ ಕೊಡು ತಂದೆ ಅಂತ ಬೇಡ್ತೀನಿ. ಬೇಡಿ ಎದ್ದ ಮೇಲೆ, ಅವರನ್ನ ಒಂದು ಸಲ ನನ್ನ ಮೇಜಿಗೆ ಕಳಿಸು ಅಂತಲೂ ಬೇಡ್ತೀನಿ. ಕಳಿಸಿದ. ಗ್ರಂಥಾಲಯದಲ್ಲಿ ಶನಿವಾರ ಪುಕ್ಕಟೆ ರಿಪೇರಿ, ಮೇಲಿನ ಮಹಡಿ, ನಾನು ಕೂರೋ ಮೂರನೇ ಮೇಜು.

ಹಾಗಂತ ಬೇಕು ಅಂತ ಮಾಡಿದೆ ಅಂದುಕೋಬೇಡಿ. ನಾನಿನ್ನೂ ಕಲಿಯೋಳು. ಎರಡು ಪ್ರಶ್ನೆ ಬಂತು, ಬೆರಳು ಜಾರಿತು. ಅಷ್ಟೇ. ಆ ಬೆಂಚಿನ ಮೇಲೆ ರಿಪೇರಿಗೆ ಕಾಯ್ತಿರೋ ತಾಯಂದಿರನ್ನ ಕೇಳಿ, ನಾನು ಒಂದು ಇರುವೆಗೂ ಕೆಡುಕು ಬಯಸಿದವಳಲ್ಲ.

ಏನು ನೋಡ್ತಿದ್ದೀರಿ? ಅದು ನನ್ನ ನೋಟು ಪುಸ್ತಕ. ಒಂದೊಂದು ಹೆಜ್ಜೆಯನ್ನೂ ಬರೆದಿಟ್ಟುಕೊಳ್ತೀನಿ, ಅದಕ್ಕೂ ನೀವು ನಗ್ತಿದ್ದಿರಿ. ಇಡಿ ಕೆಳಗೆ. ಆ ಪುಟ ಬೇಡ.

ಓದಿದಿರಾ.

ಹೌದು, ಕೆಂಪು ಶಾಯಿ ನನ್ನದೇ. "ಎರಡನೇದನ್ನ ಯಾವ ಕಾರಣಕ್ಕೂ ಒತ್ತಬಾರದು." ಎರಡು ವರ್ಷದ ಹಿಂದಿನ ತಾರೀಕು, ಶಾಯಿ ಒಂದು ಕಡೆ ಕದಡಿದೆ. ಬೆರಳು ಜಾರಲಿಲ್ಲ ಮೇಷ್ಟ್ರೇ. ದೇವರ ನಾಮ ಹೇಳಿಕೊಂಡೇ ಒತ್ತಿದೆ.

ಬೈಯಿರಿ. ಕೆಳಗೆ ಹೋಗಿ ಗ್ರಂಥಪಾಲಕಿಗೆ ದೂರು ಕೊಡಿ. ಮತ್ತೆ ಪುಟ ಯಾಕೆ ತಿರುವ್ತೀರಿ? ಅದು ಇವತ್ತಿನ ಪುಟ. ನಿಮ್ಮ ಲ್ಯಾಪ್‌ಟಾಪಿಂದು.

ಮೊದಲ ಸಾಲಿನ ಮೇಲೇ ಬೆರಳಿಟ್ಟಿರಿ, ಬಿಡಿ. ಒಂದನೇ ಹೆಜ್ಜೆ: ಇರೋ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ತೆಗೆದುಕೋ. ಅದರ ಮುಂದೆ ಒಂದು ಸರಿ ಗುರುತು.

ಸುಡಲಿ ಈ ಅಭ್ಯಾಸ. ಎದೆ, ಸೊಂಟ, ತೋಳು, ಒಂದೊಂದು ಅಳತೆಗೂ ಗುರುತು ಹಾಕಿ ಹಾಕಿ ಬಂದದ್ದು. ಕೆಲಸ ಆದ ಮೇಲಷ್ಟೇ ಈ ಕೈ ಗುರುತು ಹಾಕೋದು, ಆಗಿದ್ದರೆ ಹಾಕದೆ ಬಿಡೋದೂ ಇಲ್ಲ.

ನನ್ನ ಕನ್ನಡಕದ ಡಬ್ಬಿ ಕಡೆ ಯಾಕೆ ನೋಡ್ತೀರಿ? ನಾನು ಆಗಲೇ ನೋಡಿದೆನಾ ಅದರ ಕಡೆಗೆ?

ಪೆನ್‌ಡ್ರೈವ್ ಅದರಲ್ಲೇ ಇದೆ. ಇಡೀ ಪುಸ್ತಕ, ಒಂದು ಅಕ್ಷರ ಹೋಗಿಲ್ಲ. ಸೋಮವಾರ ಕಳೀಲಿ, ಅಚ್ಚಿನವರ ಮುಂದೆ ನೀವು ಕೈ ಹಿಸುಕಿಕೊಂಡು ನಿಲ್ಲಿ, ಆಮೇಲೆ ಅಂಚೆಯಲ್ಲಿ ಹಾಕೋಣ ಅಂತಿದ್ದೆ. ಪೂರಾ ಅಳಿಸೋದಕ್ಕೆ ನನ್ನ ಕೈ ಏಳಲಿಲ್ಲ. ನಿಮ್ಮ ಮೇಲಿನ ಪ್ರೀತಿಗಲ್ಲ. ಒಬ್ಬರು ಒಂಬತ್ತು ವರ್ಷ ಕೂತು ಹೊಲಿದದ್ದು ಅದು.

ಕೇಳಿ, ಅದು ನನ್ನದು ಕೊಡಿ ಅಂತ ಕೇಳಿಬಿಡಿ. ಆಗ ನಾನೂ ನನ್ನದನ್ನ, ಅಕ್ಕನ ಹಾಡುಗಳನ್ನ, ಕೇಳ್ತೀನಿ. ಇಲ್ಲವೇ? ಕನ್ನಡಕ ತೆಗೆದು ಒರೆಸಿಕೊಂಡರೆ ಅದು ಉತ್ತರವೇ?

ತಗೊಳ್ಳಿ. ಮೇಜಿನ ಮೇಲೆ ಇಟ್ಟೆ. ಹೌದು, ಅದರ ಮೇಲೆ ನನ್ನ ಕೈ ಇದೆ. ಗೊತ್ತಿದೆ.

ಬೆಂಚಿನ ಮೇಲೆ ಕೂತು ಇಷ್ಟು ಹೊತ್ತು ಕೇಳಿದ ತಾಯಂದಿರಾ, ನಿಮ್ಮ ಮನೆಗಳು ತಣ್ಣಗಿರಲಿ. ನಿಮ್ಮವರ ದನಿ ನಿಮ್ಮ ಕಿವಿಯಲ್ಲಿ ಉಳೀಲಿ, ಮೂರು ಕಡೆ ಉಳೀಲಿ. ದೇವರು ಎಲ್ಲರಿಗೂ ಒಳ್ಳೇದು ಮಾಡಲಿ. ನಿಮಗೂ ಮೇಷ್ಟ್ರೇ. ನಿಮಗೂ ಮಾಡಲಿ, ನಾನು ಕೈ ತೆಗೆದ ಮೇಲೆ.