ಹನ್ನೊಂದು ರೊಟ್ಟಿಯ ಪಾಠ

ಹತ್ತಿರ ಬನ್ನಿ, ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಏಳು ಹೊಳೆ ದಾಟಿದರೆ ಒಂದು ರಾಜ್ಯ. ಅದರ ಹೆಸರು ಏಳನೆಯ ಹೊಳೆಯಲ್ಲಿ ತೊಳೆದುಹೋಗಿದೆ, ಕೇಳಬೇಡಿ.

ಆ ರಾಜ್ಯದ ಶಾಲೆಗೆ ಒಂದು ಕಟ್ಟಳೆ. ನಾಡಿನ ಚರಿತ್ರೆಯ ಹೊಸ ಪಾಠವನ್ನು ಮೊದಲು ಜಗಲಿಯಲ್ಲಿ ಓದಬೇಕು. ಊರಿನ ಅತಿ ಹಿರಿಯಳು ಮಣೆಯ ಮೇಲೆ ಕೂತು ಸಾಲುಸಾಲಿಗೂ ಹೂಂ ಅನ್ನಬೇಕು. ಹೂಂ ಬಿದ್ದ ಸಾಲು ಪುಸ್ತಕಕ್ಕೆ. ಬೀಳದ ಸಾಲು ಒಲೆಗೆ.

ಮಣೆ ಚೌಡಜ್ಜಿಯದು. ಅದೆಂದರೆ ಅವಳಿಗೆ ಪ್ರಾಣ. ಓರಗಿತ್ತಿ ನಾಗಜ್ಜಿ ಅವಳಿಗಿಂತ ಎರಡೇ ವರ್ಷಕ್ಕೆ ಚಿಕ್ಕವಳು. ಪ್ರತಿ ಸಲವೂ ಪಕ್ಕದಲ್ಲಿ ಕೂತು ಕೇಳುವಳು, “ಅಕ್ಕಾ, ಸೊಂಟ ನೋಯುತ್ತಾ? ಸ್ವಲ್ಪ ಹೊತ್ತು ನಾನು ಕೂರಲಾ?”

ಒಂದು ದಿನ ದೊರೆಯೇ ಪಾಠ ತಂದ. ಪಂಡಿತ ಓದಿದ: ದೊರೆಯ ತಾತ ಹೊಳೆಯಾಚೆಯ ವೈರಿಗಳಲ್ಲಿ ಸಾವಿರ ಜನರನ್ನು ಕೊಂದ.

ಚೌಡಜ್ಜಿ ಸುಮ್ಮನಿದ್ದಳು.

ಕಿವಿ ಮಂದವೇನೋ ಎಂದು ಪಂಡಿತ ಗಟ್ಟಿಯಾಗಿ ಓದಿದ, ಸಾವಿರವನ್ನು ಐನೂರು ಮಾಡಿದ. ಅಜ್ಜಿ ಸುಮ್ಮನೆ. ನೂರಕ್ಕೆ ಇಳಿಸಿದ. ಅಜ್ಜಿ ಸೆರಗು ಸರಿಮಾಡಿಕೊಂಡಳು, ಅಷ್ಟೆ.

ಯಾಕೆ ಅಂತೀರಿ? ತಾತನ ಆ ದಂಡಿನಲ್ಲಿ ಅವಳಪ್ಪ ನಗಾರಿ ಬಾರಿಸುತ್ತಿದ್ದ. ನೀರಿನ ತಂಬಿಗೆ ಹಿಡಿದು ಪುಟ್ಟ ಚೌಡಿಯೂ ಹಿಂದೆ ಹೋಗಿದ್ದಳು. ನಡೆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದಳು.

ದೊರೆಯ ಮೀಸೆ ಕುಣಿಯಿತು. ಹೂಂ ಅನ್ನದಿದ್ದರೆ ಮಣೆ ಬಿಟ್ಟೇಳು ಅಂದ. ಚೌಡಜ್ಜಿ ಮಣೆಯಂಚನ್ನು ಒಮ್ಮೆ ಸವರಿದಳು, ಎದ್ದಳು. ನಾಗಜ್ಜಿ ಕೂತಳು. ಎಷ್ಟು ಬೇಗ ಕೂತಳು ಅಂದರೆ, ಮಣೆಯ ಬಿಸಿ ಆರಿರಲಿಲ್ಲ. ಆಯಿತು, ಸುಳ್ಳು ಪುಸ್ತಕ ಸೇರಿತು ಎಂದುಕೊಂಡು ಚೌಡಜ್ಜಿ ಮುಖ ತಿರುಗಿಸಿದಳು.

ಪಂಡಿತ ಓದಿದ. ಹೂಂ ಬರಲಿಲ್ಲ.

“ನಿನಗೇನಜ್ಜಿ ಕಷ್ಟ?” ಎಂದ ದೊರೆ.

“ನನ್ನ ತವರು ಹೊಳೆಯಾಚೆ, ದೊರೆಗಳೇ. ನಮ್ಮ ದನ ಹೊಡೆದುಕೊಂಡು ಹೋಗಲು ಬಂದಿದ್ದು ನಿಮ್ಮ ದಂಡು. ಮಳೆಗೆ ದಾರಿ ತಪ್ಪಿ, ಮೂರು ದಿನ ಉಪವಾಸ ಬಿದ್ದು, ನಮ್ಮ ಹಿತ್ತಲಿಗೇ ಬಂದರು. ನಿಮ್ಮ ತಾತ ಕತ್ತಿ ಕೆಳಗಿಟ್ಟು ಹನ್ನೊಂದು ರೊಟ್ಟಿ ತಿಂದರು. ಬಡಿಸಿದ್ದು ನಾನು. ಕೈ ತೊಳೆದು, ಇನ್ನು ಜಗಳ ಬೇಡ ಅಂದರು. ಆಮೇಲೆ ತಾನೇ ನಾನು ಈ ಊರಿಗೆ ಸೊಸೆಯಾಗಿ ಬಂದಿದ್ದು?”

ಚೌಡಜ್ಜಿ ನಿಂತಲ್ಲಿಂದಲೇ ಅಂದಳು, “ಹೂಂ.”

ದೊರೆ ಪೆಚ್ಚಾದ. ಇದನ್ನು ಓದಿದರೆ ಮಕ್ಕಳು ನಮ್ಮನ್ನು ಗೌರವಿಸುತ್ತಾರೆಯೇ ಎಂದು ಕೇಳಿದ.

“ನಮ್ಮ ಮಕ್ಕಳು ಆಚೆ ದಡಕ್ಕೆ ಈಜಲು ಹೋಗುತ್ತಾರೆ,” ಎಂದಳು ಚೌಡಜ್ಜಿ. “ಅಲ್ಲಿಯೂ ಇದೇ ಕಥೆ ಕೇಳಿದರೆ ನಿಮ್ಮ ಪುಸ್ತಕ ನಂಬುತ್ತಾರೆ. ಬೇರೆ ಕೇಳಿದರೆ, ನಾಳೆ ನೀವು ನಿಜ ಹೇಳಿದರೂ ನಂಬುವುದಿಲ್ಲ.”

ದೊರೆ ಪಂಡಿತನಿಗೆ ಬರೆದುಕೋ ಎಂದ. ದನದ ಮಾತೂ ಬರೆಸಿದ, ಹಸಿವಿನ ಮಾತೂ ಬರೆಸಿದ. ರೊಟ್ಟಿಯ ಹತ್ತಿರ ದನಿ ತಗ್ಗಿಸಿದ.

“ಆರು ಅಂತ ಬರೆಯೋಣವೇ, ಅಜ್ಜಿ?”

ಇಬ್ಬರೂ ಸುಮ್ಮನೆ.

“ಒಂಬತ್ತು?”

ಸುಮ್ಮನೆ. ನಾಗಜ್ಜಿ ಸರಿದು ಅರ್ಧ ಮಣೆ ಬಿಟ್ಟಳು. ಚೌಡಜ್ಜಿ ಪಕ್ಕದಲ್ಲಿ ಕೂತಳು.

“ಹೋಗಲಿ, ಹನ್ನೊಂದು.”

“ಹೂಂ,” ಅಂದರು ಇಬ್ಬರೂ.

ಹೇಳಿದ್ದು ನನ್ನ ಬಾಯಿ, ಕೇಳಿದ್ದು ನಿಮ್ಮ ಕಿವಿ. ನಿಜವೆನಿಸಿದರೆ ಹೂಂ ಅನ್ನಿ, ಇಲ್ಲವಾದರೆ ಸುಮ್ಮನೆ ಎದ್ದು ಊಟಕ್ಕೆ ನಡೆಯಿರಿ.