ಎಡಕ್ಕೆ ವಾಲಿದ ಸುರುಳಿ

2019ರ ಮಾರ್ಚ್ 12, ಬೆಳಿಗ್ಗೆ ಹತ್ತೂವರೆ. ಕೈ ಚಿಕಿತ್ಸೆಯ ಕೋಣೆಯ ಹೊರಗೆ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಗಡಿಯಾರ ರಿಪೇರಿಯವನ ಕಿವಿಗೆ ಪಕ್ಕದ ಅಕ್ಕತಂಗಿಯರ ಮಾತು ಬಿತ್ತು.

“ಅಕ್ಕಾ, ನನ್ನ ಮಗಳಿಗೂ ನಾನು ಹಾಕಿರೋ ಇಂಥ ಬೆಳ್ಳಿ ಓಲೆ ನಿನ್ನ ಕೈಯಿಂದಲೇ ಬೇಕಂತೆ.”

“ಅಂಗಡೀಲಿ ಕೊಡಿಸು.”

“ಅಂಗಡೀದರಲ್ಲಿ ಸುರುಳಿ ಹೀಗೆ ಎಡಕ್ಕೆ ವಾಲಿರಲ್ಲ.”

“ಸೊಟ್ಟ ಅನ್ನೇ, ನಾನೇನು ಅಳಲ್ಲ.”

“ಆ ಸೊಟ್ಟ ನೋಡೇ ಜನ ನಿಂದು ಅಂತ ಗುರುತು ಹಿಡಿಯೋದು.”

“ತಂತಿ ಬಗ್ಗಿಸೋಕೆ ಇಕ್ಕಳ ಬಿಗಿಯಾಗಿ ಹಿಡೀಬೇಕು ಕಣೆ. ಈಗ ಚಮಚಾನೇ ಜಾರತ್ತೆ.”

“ಹೋದ ಸಲ ಅಳೆದಾಗ ಬಲಗೈ ಮುಷ್ಟಿ ಹಿಡಿತ ಒಂಬತ್ತು ಕಿಲೋ ಬಂದಿತ್ತಲ್ಲ. ದಿನಾ ವ್ಯಾಯಾಮ ಮಾಡಿದೀಯ, ಇವತ್ತು ಹೆಚ್ಚಿರತ್ತೆ.”

“ನಿನ್ನ ಬಾಯಿಗೆ ಸಕ್ಕರೆ ಹಾಕ.”

ಒಳಗಿನಿಂದ ಕರೆದರು. ಇಬ್ಬರೂ ಎದ್ದು ಹೋದರು. ಸ್ವಲ್ಪ ಹೊತ್ತಿಗೆ, ಅರೆತೆರೆದ ಬಾಗಿಲಿನಿಂದ ನರ್ಸ್ ಓದಿ ಹೇಳಿದ್ದು ಅವನಿಗೂ ಕೇಳಿಸಿತು: ಬಲಗೈ, ನಾಲ್ಕು ಕಿಲೋ.