ಹನ್ನೊಂದು ನಿಮಿಷದ ತಿದ್ದುಪಡಿ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರೂ, ನಮ್ಮ ಭೂಕಂಪ ವೀಕ್ಷಣಾಲಯದ ನಿರ್ದೇಶಕರೂ, ಒಂದು ಕಾಲಕ್ಕೆ ನನ್ನಿಂದ ಕಿವಿ ಹಿಂಡಿಸಿಕೊಂಡವರೂ ಆದ ಮೆದೆರ್‌ಬೆಕ್ ಅವರೇ, ಬಿಷ್ಕೆಕ್‌ನಿಂದ ದಯಮಾಡಿಸಿರುವ ರಾಜಧಾನಿಯ ಅತಿಥಿಗಳೇ, ಮುಂದಿನ ಸಾಲಿನ ಹಿರಿಯರೇ, ಊಟದ ವಾಸನೆ ಬಂದ ಕೂಡಲೇ ಏಳಲು ಅನುಕೂಲವಾಗಲೆಂದು ಬಾಗಿಲ ಪಕ್ಕ ಕುಳಿತಿರುವ ಜಾಣರೇ, ಸಭಿಕರೇ,

ನನಗೆ ಚಾಪಾನ್ ನಿಲುವಂಗಿ ಹೊದಿಸಿದ್ದೀರಿ, ಹೂ ಕೊಟ್ಟಿದ್ದೀರಿ. ನನಗಿಂತ ಮೊದಲು ಮೂವರು ಮಾತನಾಡಿದರು. ಮೂವರೂ ನಾನು ಬರೆದ ಕಂಪನ ದಾಖಲಿಸುವ ಪ್ರೋಗ್ರಾಮನ್ನು ಹೊಗಳಿದರು. ‘ತೆರೆಕ್-ಬುಲಾಕ್ ನಿಲ್ದಾಣದಲ್ಲಿ ನಮ್ಮ ಅಕ್ಕ ಬುರುಲ್ಚಾ ಎಜೆಯ ಪ್ರೋಗ್ರಾಮು ಹದಿನೆಂಟು ವರ್ಷ ಒಮ್ಮೆಯೂ ತಪ್ಪದೆ ಭೂಮಿಯ ನಾಡಿ ಹಿಡಿಯಿತು’ ಎಂದರು. ಕೇಳಿ ಸಂತೋಷಪಡಬೇಕಿತ್ತು. ನನಗೆ ಆಯಾಸವಾಯಿತು. ಒಮ್ಮೆಯೂ ತಪ್ಪದೆ? ಎರಡು ಸಲ ತಪ್ಪಿದೆ. ಮೊದಲನೆಯ ಸಲ ತಪ್ಪಿದಾಗ ದಂಡ ತೆತ್ತವರು ಬೇರೊಬ್ಬರು. ಅವರ ಹೆಸರನ್ನು ಇವತ್ತು ಯಾರೂ ಎತ್ತಲಿಲ್ಲ.

ಜುಮಾದಿಲ್. ಆ ನಿಲ್ದಾಣವನ್ನು ಇಪ್ಪತ್ತೊಂದು ವರ್ಷ ನೋಡಿಕೊಂಡವರು. ನನಗಿಂತ ಐದು ವರ್ಷಕ್ಕೆ ಹಿರಿಯರು, ನಾನು ಅಣ್ಣನೆಂದು ಬಾಯ್ಕೆ ಎಂದೇ ಕರೆಯುತ್ತಿದ್ದೆ. ಒಂಬತ್ತು ವರ್ಷದ ಹಿಂದೆ ಮಾರ್ಚಿನಲ್ಲಿ ಬೆಟ್ಟ ನಡುಗಿದ್ದು ನಿಮಗೆ ನೆನಪಿದೆ. ನಡುಕ ಶುರುವಾದ ಕೂಡಲೇ ತೆರೆಕ್-ಬುಲಾಕ್‌ನ ದಾಖಲೆ ನಿಂತುಹೋಯಿತು. ಹನ್ನೊಂದು ನಿಮಿಷ ಖಾಲಿ. ಯಾವುದಕ್ಕಾಗಿ ಆ ನಿಲ್ದಾಣವನ್ನು ಕಟ್ಟಿದೆವೋ ಆ ಹನ್ನೊಂದು ನಿಮಿಷವೇ ಖಾಲಿ.

ವಿಚಾರಣೆ ನಡೆಯಿತು. ಅದರ ಮುಖ್ಯಸ್ಥೆ ಯಾರು? ನಾನು. ಜುಮಾದಿಲ್ ಹೇಳಿದ್ದು ಇಷ್ಟೇ: “ನಾನು ಯಂತ್ರದ ಮುಂದೇ ಇದ್ದೆ. ಅದು ತಾನಾಗೇ ನಿಂತೋಯ್ತು. ಗುಂಡಿ ಒತ್ತಿದೆ, ತಟ್ಟಿದೆ, ಬೈದೆ, ಏನೂ ಆಗ್ಲಿಲ್ಲ. ಆಮೇಲೆ ತಾನೇ ಎದ್ದಿತು.” ಮೂರು ಸಲ ಕೇಳಿದೆ. ಮೂರು ಸಲವೂ ಇದನ್ನೇ ಹೇಳಿದರು. ನಾನು ಬರೆದೆ: ‘ಪಾಲಕರು ಕರ್ತವ್ಯದ ಸ್ಥಳದಲ್ಲಿ ಇರಲಿಲ್ಲ, ಯಂತ್ರವನ್ನು ಆರಿಸಿ ಹೋಗಿರುವ ಸಾಧ್ಯತೆ ಇದೆ.’ ಇದೇ ಸಭಾಂಗಣದಲ್ಲಿ, ವಾರ್ಷಿಕ ಸಭೆಯಲ್ಲಿ, ಇದೇ ಮೈಕಿನಲ್ಲಿ ಅದನ್ನು ಓದಲಾಯಿತು. ಅವರನ್ನು ತೆಗೆದುಹಾಕಿದರು. ಆ ವರ್ಷ ನನ್ನ ಬಡ್ತಿಯ ಕಡತ ಬಿಷ್ಕೆಕ್‌ನಲ್ಲಿತ್ತು. ಪ್ರೋಗ್ರಾಮಿನ ಮೇಲೆ ಒಂದು ಸಣ್ಣ ಅನುಮಾನ ನನಗೂ ಬಂದಿತ್ತು... ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು. ಇರಲಿ.

ಇನ್ನು ಎರಡನೆಯ ಸಲ. ಹೋದ ಜನವರಿಯಲ್ಲಿ ಸಾಮಾನು ಪಟ್ಟಿ ಮಾಡಲು ನಾನು ತೆರೆಕ್-ಬುಲಾಕ್‌ಗೆ ಹೋಗಿದ್ದೆ. ಒಂದು ಸಣ್ಣ ನಡುಕ ಬಂತು. ನನ್ನ ಕಣ್ಣೆದುರಿಗೇ ದಾಖಲೆ ನಿಂತಿತು. ಗುಂಡಿ ಒತ್ತಿದೆ, ತಟ್ಟಿದೆ, ಬೈದೆ. ಹನ್ನೊಂದು ನಿಮಿಷದ ಮೇಲೆ ತಾನೇ ಎದ್ದಿತು. ನಾನು ಕುರ್ಚಿಯಲ್ಲಿಯೇ ಇದ್ದೆ, ಸಭಿಕರೇ. ಎಚ್ಚರವಾಗಿಯೇ ಇದ್ದೆ.

ಏಪ್ರಿಲ್ ಮೊದಲ ತಾರೀಖಿಗೆ ಹೊಸ ಯಂತ್ರ ಬರುವುದೆಂದೂ ಹಳೆಯದನ್ನು ಗುಜರಿಗೆ ಹಾಕುವುದೆಂದೂ ಆಗಲೇ ತೀರ್ಮಾನವಾಗಿತ್ತು. ಅದು ಹೋದರೆ ಜುಮಾದಿಲ್ ನಿರಪರಾಧಿ ಎಂಬ ಸಾಕ್ಷಿಯೂ ಅದರೊಡನೆ ಹೋಗುತ್ತಿತ್ತು. ಪ್ರೋಗ್ರಾಮು ಯಾವ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಲು ಡಿಬಗರ್ ಬೇಕು. ಓಡುವ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ, ‘ಈಗ ಎಲ್ಲಿದ್ದೀಯ, ಕೈಯಲ್ಲೇನಿದೆ’ ಎಂದು ಕೇಳುವ ಇನ್ನೊಂದು ಪ್ರೋಗ್ರಾಮು. ಬೇರೆ ಯಂತ್ರವಾಗಿದ್ದರೆ ಸಿದ್ಧವಾದದ್ದೇ ಸಿಗುತ್ತಿತ್ತು. ನಮ್ಮದು ತಯಾರಿಸಿದವರೇ ಮರೆತ ತಳಿ. ಅದರ ಡಿಬಗರನ್ನು ಮೂಲ ಬರಹದಿಂದ, ಅದೇ ಸೋರ್ಸ್ ಕೋಡಿನಿಂದ, ಅದರ ಮೇಲೆಯೇ, ನಾವೇ ಕಟ್ಟಿಕೊಳ್ಳಬೇಕು.

ಕಟ್ಟಲು ಹೊರಟೆ. ಬಿಷ್ಕೆಕ್‌ನ ಅತಿಥಿಗಳು ಗಡಿಯಾರ ನೋಡಬೇಡಿ, ಎಲ್ಲವನ್ನೂ ಹೇಳುವುದಿಲ್ಲ. ಮೊದಲ ದಿನ ಅದು ‘ನೀನು ಯಾವ ಯಂತ್ರವೋ ನನಗೆ ಗೊತ್ತಿಲ್ಲ’ ಎಂದು ಬಾಗಿಲಲ್ಲೇ ನಿಲ್ಲಿಸಿತು. ಕುಲಗೋತ್ರ ಹೇಳಿ ಒಳಗೆ ಸೇರಿಸಿದೆ. ಎರಡನೆಯ ದಿನ, ಬಳಕೆಯ ಕೈಪಿಡಿ ಅಚ್ಚಾಗಲಿಲ್ಲವೆಂದು ಇಡೀ ಕೆಲಸವನ್ನೇ ಬಿಟ್ಟು ಕುಳಿತಿತು. ಅಡುಗೆ ಪುಸ್ತಕ ಸಿಗಲಿಲ್ಲವೆಂದು ಒಲೆ ಆರಿಸಿದ ಹಾಗೆ. ಆಮೇಲೆ ನೆನಪಿನ ಜಾಗ ಸಾಲದೆ ಉಸಿರುಗಟ್ಟಿತು. ಆಮೇಲೆ ಎಚ್ಚರಿಕೆಗಳನ್ನೆಲ್ಲ ತಪ್ಪು ಎಂದು ಎಣಿಸಿತು. ಒಂದೊಂದನ್ನೂ ಇಲ್ಲೇ ಕರಾಕೋಲ್‌ನಲ್ಲಿ ಕೂತು ತಿದ್ದಿ, ಮುಂಜಾನೆ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಗಾಡಿ ಹತ್ತಿ, ನಿಲ್ದಾಣದ ಯಂತ್ರಕ್ಕೆ ಹೊಸದಾಗಿ ನಕಲಿಸುತ್ತಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಕೆಳಗಿಳಿಯುವ ಗಾಡಿ. ಅರವತ್ಮೂರು ವರ್ಷದ ಮಂಡಿಗಳಿಗೆ ಆ ದಾರಿ ಚೆನ್ನಾಗಿ ಪರಿಚಯವಾಯಿತು.

ಕೊನೆಯ ತೊಡಕು ಮಾತ್ರ ಬಿಡಲಿಲ್ಲ. ಕಟ್ಟುವುದು ಶುರುವಾಗುತ್ತಿತ್ತು, ಮತ್ತೆ ಮೊದಲಿಗೆ ಹೋಗುತ್ತಿತ್ತು, ಮತ್ತೆ ಶುರು, ಮತ್ತೆ ಮೊದಲಿಗೆ. ಒಂದು ವಾರ. ಎರಡು ವಾರ. ಮಾರ್ಚ್ ಇಪ್ಪತ್ತೈದು ಬಂತು. ಮೆದೆರ್‌ಬೆಕ್ ಫೋನ್ ಮಾಡಿದರು, ಮಾಡಲಿಲ್ಲವೇ? “ಎಜೆ, ಬಿಟ್ಬಿಡಿ. ನಿವೃತ್ತಿಗೆ ಎರಡು ತಿಂಗಳಿದೆ. ಯಾರು ಕೇಳಿದ್ರು ಇದನ್ನ?” ಯಾರೂ ಕೇಳಿರಲಿಲ್ಲ. ಅದೇ ಬೇಸರ.

ಮರುದಿನ ಹೊತ್ತೇರಿದ ಮೇಲೆ ನಿಲ್ದಾಣದ ಅಡುಗೆಯ ಹಿರಿಯಾಕೆ ಅನಾರ್ಕಾನ್ ಅಪಾ ಚಹಾ ತಂದವರು ನನ್ನ ಹೆಗಲ ಮೇಲಿಂದ ಪರದೆ ನೋಡಿದರು.

“ಲೇ ಬುರುಲ್, ಹೊರಗೆ ಬಿಸಿಲು ಸುಡ್ತಾ ಇದೆ, ನಿನ್ನ ಪೆಟ್ಟಿಗೆ ಇನ್ನೂ ನಸುಕಿನ ಐದು ಗಂಟೆ ಅಂತಿದೆಯಲ್ಲೇ?”

“ಅದು ಗ್ರೀನಿಚ್ ಸಮಯ ಅಪಾ. ಆರು ಗಂಟೆ ಸೇರಿಸ್ಕೋಬೇಕು.”

“ಹಾಗಾದ್ರೆ ಈ ಪಟ್ಟೀಲಿರೋವೆಲ್ಲ ಏಳು ಗಂಟೇಲಿ ಬರೆದದ್ದು ಅಂತ ಇದೆ. ಇದಕ್ಕೂ ಆರು ಸೇರಿಸ್ಬೇಕಾ?”

“ಬೇಡ. ಅದು ನಮ್ಮೂರ ಸಮಯ.”

“ಅದು ನಿನಗೆ ಗೊತ್ತು. ಪೆಟ್ಟಿಗೆಗೆ ಯಾರು ಹೇಳಿದ್ರು? ಅದರ ಲೆಕ್ಕದಲ್ಲಿ ಏಳು ಗಂಟೆ ಇನ್ನೂ ಆಗೇ ಇಲ್ಲ. ಇನ್ನೂ ಹುಟ್ಟದ ಕುದುರೆಮರಿಗೆ ಜೀನು ಬಿಗೀತಾ ಕೂತಿದ್ದೀಯಲ್ಲೇ!”

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ. ಸಭಿಕರೇ, ಈ ಸಭಾಂಗಣದಲ್ಲಿರುವ ನಾವೆಲ್ಲರೂ ನಿಲ್ದಾಣದ ಗಡಿಯಾರ ನೋಡಿದ ಕೂಡಲೇ ಮನಸ್ಸಿನಲ್ಲೇ ಆರು ಗಂಟೆ ಸೇರಿಸಿಕೊಳ್ಳುವವರು. ಕಂಪನಗಳನ್ನು ಜಗತ್ತಿಗೆಲ್ಲ ಒಂದೇ ಸಮಯದಲ್ಲಿ ಬರೆಯಬೇಕಲ್ಲವೇ? ಮೂವತ್ತೆಂಟು ವರ್ಷ ಸೇರಿಸಿ ಸೇರಿಸಿ, ಐದನ್ನು ನೋಡಿದರೆ ನನಗೆ ಹನ್ನೊಂದೇ ಕಾಣುತ್ತದೆ. ಪೆನ್‌ಡ್ರೈವ್ ಕರಾಕೋಲ್‌ನ ಗಡಿಯಾರದ ಹೊತ್ತನ್ನು ಬರೆದುಕೊಂಡಿತ್ತೇ ಹೊರತು ಅದು ಯಾವ ಊರ ಹೊತ್ತು ಎಂದು ಬರೆದುಕೊಂಡಿರಲಿಲ್ಲ. ಕಟ್ಟುವ ಪ್ರೋಗ್ರಾಮಿಗೆ ಮೂಲ ಬರಹವೆಲ್ಲ ಇನ್ನೂ ಬಾರದ ಹೊತ್ತಿನದಾಗಿ ಕಂಡು, ‘ನಾನು ಕಟ್ಟಿದ್ದು ಹಳತಾಯಿತು, ಮತ್ತೆ ಕಟ್ಟಬೇಕು’ ಎಂದುಕೊಳ್ಳುತ್ತಿತ್ತು. ಮಧ್ಯಾಹ್ನ ಒಂದು ದಾಟುವವರೆಗೆ ಸುಮ್ಮನೆ ಬಿಟ್ಟಿದ್ದರೆ ಪೆಟ್ಟಿಗೆಯಲ್ಲೂ ಏಳಾಗಿ ತಾನೇ ಸರಿಹೋಗುತ್ತಿತ್ತು. ನಾನು ಹನ್ನೆರಡಕ್ಕೇ ಎಲ್ಲವನ್ನೂ ಅಳಿಸಿ ಗಾಡಿ ಹತ್ತುತ್ತಿದ್ದೆ. ದಾರಿಯಲ್ಲಿ ಹೋಗುವ ಯಾರಿಗಾದರೂ ಕಾಣುತ್ತಿದ್ದ ತಪ್ಪು ನಮಗೆ ಮಾತ್ರ ಕಾಣದು. ಪೆಟ್ಟಿಗೆ ಹೇಳಿದ್ದನ್ನು ನಾವು ಓದಲಿಲ್ಲ, ನಮಗೆ ಗೊತ್ತಿದ್ದದ್ದನ್ನು ಓದಿಕೊಂಡೆವು. ವಿಚಾರಣೆಯಲ್ಲಿಯೂ ನಾನು ಮಾಡಿದ್ದು ಬೇರೆಯೇ?

ಒಂದೇ ಸಾಲಿನ ಆಜ್ಞೆ ಕೊಟ್ಟು ಎಲ್ಲ ಕಡತಗಳಿಗೂ ಆ ಕ್ಷಣದ ಹೊತ್ತನ್ನು ಹಾಕಿದೆ. ಮಾರ್ಚ್ ಇಪ್ಪತ್ತೆಂಟಕ್ಕೆ ಡಿಬಗರ್ ಎದ್ದು ನಿಂತಿತು. ಭೂಮಿ ನಡುಗುವವರೆಗೆ ಕಾಯಲು ದಿನಗಳಿರಲಿಲ್ಲ. ನಡುಕದಲ್ಲಿ ಆಗುವಂತೆ ಕಂಪನಮಾಪಕದಿಂದ ಬರುವ ತಂತಿಯನ್ನು ಕೈಯಿಂದಲೇ ಒಮ್ಮೆ ಸಡಿಲಿಸಿದೆ. ಪ್ರೋಗ್ರಾಮು ನಿಂತಿತು. ಎಲ್ಲಿದ್ದೀಯ ಎಂದು ಕೇಳಿದೆ. ನಾನೂರ ಹನ್ನೆರಡನೆಯ ಸಾಲು ಎಂದಿತು. ಅದು ನನ್ನದೇ ಸಾಲು, ನನ್ನ ಕೈಯದೇ. ತಂತಿಯಿಂದ ಬಂದ ಅಂಕಿ ಸೊನ್ನೆಗಿಂತ ಕಡಿಮೆಯಾದರೆ, ಎಂದರೆ ಸಂಪರ್ಕ ತಪ್ಪಿದರೆ, ಓದುವುದನ್ನು ಬಿಟ್ಟು ಮುಂದೆ ಹೋಗು ಎಂದು ಬರೆದಿದ್ದೆ. ಇಲ್ಲಿಯ ಯಂತ್ರಗಳಲ್ಲಿ ಪರೀಕ್ಷಿಸಿದಾಗ ಸರಿಯಾಗಿತ್ತು. ಆದರೆ ನಿಲ್ದಾಣದ ಯಂತ್ರದ ಎಣಿಕೆಯಲ್ಲಿ ಆ ಜಾಗದಲ್ಲಿರುವ ಅಂಕಿ ಸೊನ್ನೆಗಿಂತ ಕೆಳಗೆ ಇಳಿಯುವುದೇ ಇಲ್ಲ. ತಂತಿ ಕಡಿದರೆ ಪ್ರೋಗ್ರಾಮು ಎಂದೂ ಬಾರದ ಅಂಕಿಗಾಗಿ ಕಾಯುತ್ತ ಕೂರುತ್ತದೆ. ಹನ್ನೊಂದು ನಿಮಿಷ ಸದ್ದಿಲ್ಲದಿದ್ದರೆ ಯಂತ್ರವನ್ನು ಮತ್ತೆ ಎಬ್ಬಿಸುವ ಏರ್ಪಾಟನ್ನು ಮಾಡಿದವಳೂ ನಾನೇ. ಹನ್ನೊಂದು ಎಂಬ ಲೆಕ್ಕ ವಿಚಾರಣೆಯ ದಿನವೇ ನನಗೆ ಹೊಳೆಯಬೇಕಿತ್ತು. ಹೊಳೆದಿತ್ತು.

ಮರುದಿನವೇ ಆ ಸಾಲನ್ನು ಅಚ್ಚು ಹಾಕಿದ ಹಾಳೆ ಹಿಡಿದುಕೊಂಡು ಜುಮಾದಿಲ್ ಮನೆಗೆ ಹೋದೆ. ಅಂಗಳದಲ್ಲಿ ಸೇಬಿನ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದರು. ಈಗ ಅವರಿಗೆ ಅದೇ ಕೆಲಸ. ಅವರ ಹೆಂಡತಿ ಚಹಾ ಕೊಟ್ಟರು. ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಕೊಟ್ಟರು. ಉಳಿಸಿಕೊಳ್ಳಬೇಕೆನಿಸಿದ ಅತಿಥಿಗೆ ಅರ್ಧವೇ ಹಾಕುವ ನಾಡಿನಲ್ಲಿ ತುಂಬಿದ ಬಟ್ಟಲೆಂದರೇನೆಂದು ನಿಮಗೆ ನಾನು ಹೇಳಬೇಕೇ? ಕುಡಿ, ಹೊರಡು. ಎಷ್ಟು ಬಿಸಿಯಿತ್ತೆಂದರೆ ಬೇಗ ಕುಡಿಯಲೂ ಆಗಲಿಲ್ಲ.

ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಬಾಯ್ಕೆ ಎಂದೆ. ಅವರು ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದಿಟ್ಟರು.

“ನನಗ್ಯಾಕೆ ಹೇಳ್ತೀಯ ತಂಗಿ? ಅವತ್ತು ನಾನು ಅಲ್ಲೇ ಇದ್ದೆ ಅನ್ನೋದು ನನಗೆ ಮೊದಲೇ ಗೊತ್ತು. ಗೊತ್ತಿಲ್ದೋರಿಗೆ ಹೋಗಿ ಹೇಳು.”

ಸಭಿಕರೇ, ಗೊತ್ತಿಲ್ಲದವರು ನೀವು. ಇವತ್ತಿನ ಸಭೆಗೆ ಅವರನ್ನೂ ಕರೆದಿದ್ದೆ. ಬಂದಿಲ್ಲ. ಮೆದೆರ್‌ಬೆಕ್ ಅವರೇ, ಹಾಗೆ ನೋಡಬೇಡಿ, ನಿಮಗೆ ಮೊದಲೇ ಹೇಳಿದ್ದರೆ ಈ ಮೈಕು ನನಗೆ ಸಿಗುತ್ತಿರಲಿಲ್ಲ. ಆ ವರದಿಗೆ ನನ್ನ ತಿದ್ದುಪಡಿ ಎರಡೇ ಸಾಲು. ನಡಾವಳಿ ಬರೆಯುವವರು ದಯವಿಟ್ಟು ಬರೆದುಕೊಳ್ಳಿ, ನಿಧಾನವಾಗಿ ಓದುತ್ತೇನೆ.

‘ತೆರೆಕ್-ಬುಲಾಕ್ ನಿಲ್ದಾಣದ ದಾಖಲೆ ಹನ್ನೊಂದು ನಿಮಿಷ ನಿಂತದ್ದು ಬುರುಲ್ಚಾ ಬರೆದ ಪ್ರೋಗ್ರಾಮಿನ ತಪ್ಪಿನಿಂದ, ಆಕೆಗೆ ಆಗಲೇ ಅನುಮಾನವಿತ್ತು. ಪಾಲಕ ಜುಮಾದಿಲ್ ತಮ್ಮ ಸ್ಥಳದಲ್ಲಿಯೇ ಇದ್ದರು, ಕಂಡದ್ದನ್ನು ಕಂಡ ಹಾಗೆ ಮೂರು ಸಲ ಹೇಳಿದರು.’

ಬರೆದಾಯಿತೇ? ಚಪ್ಪಾಳೆ ಬೇಡ. ಅವರನ್ನು ತೆಗೆದ ವರದಿಯನ್ನು ಓದಿದ ದಿನ ಇಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇವತ್ತು ಕೇಳಬೇಕೆನಿಸಿದವರು ಕೇಳಿ, ಊಟ ತಡವಾದರೂ ಇಲ್ಲೇ ನಿಂತು ಉತ್ತರ ಕೊಡುತ್ತೇನೆ. ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲರಿಗೂ, ಕಣ್ಣಿದ್ದೂ ಕಾಣದವಳಿಗೆ ಗಡಿಯಾರ ತೋರಿಸಿದ ಅನಾರ್ಕಾನ್ ಅಪಾಗೆ, ಇಲ್ಲಿಗೆ ಬಾರದಿರುವ ಜುಮಾದಿಲ್ ಬಾಯ್ಕೆಗೆ ನನ್ನ ವಂದನೆ. ನಮಸ್ಕಾರ.